ಏಳನೆಯ ನಿಯಮದ ಕಾರಣ

ಹರಳುಕೋಟೆ ಗ್ರಂಥಾಲಯದ ಕಂಪ್ಯೂಟರ್ ಕೋಣೆಯಲ್ಲಿ, ಬಾಗಿಲಿಗೆ ಎದುರಾಗಿ ಒಂದು ನೀಲಿ ಫಲಕವಿದೆ. ಅದರ ಮೇಲೆ ಹದಿನಾಲ್ಕು ನಿಯಮಗಳು. ಪೇಂಟರ್ ಪಕ್ಕದಲ್ಲಿ ಎರಡು ದಿನ ನಿಂತು, ಒಂದು ಕೊಂಬೂ ತಪ್ಪದ ಹಾಗೆ ನಾನೇ ಬರೆಸಿದ್ದು. ಚೀಟಿ ಪಡೆಯದೆ ಕೂರಬಾರದು. ಒಬ್ಬರಿಗೆ ಒಂದೇ ಗಂಟೆ. ತಿಂಡಿ, ಎಲೆ ಅಡಿಕೆ ಕೂಡದು. ಜೋರಾಗಿ ಓದಬಾರದು. ಹೀಗೆ ಸಾಗುತ್ತದೆ. ಏಳನೆಯದು: ಒಬ್ಬರ ಅವಧಿಯಲ್ಲಿ ಇನ್ನೊಬ್ಬರು ಕೀಲಿಮಣೆ ಮುಟ್ಟಬಾರದು.

ಮೇಲಿನಿಂದ ಬಂದ ಸುತ್ತೋಲೆ ಐದು ಪುಟವಿತ್ತು. ಪ್ರತಿ ನಿಯಮದ ಕೆಳಗೂ ಕಾರಣ ಕೊಟ್ಟಿದ್ದರು. ಫಲಕದಲ್ಲಿ ಅಷ್ಟು ಜಾಗವಿರಲಿಲ್ಲ. ಕಾರಣಗಳನ್ನೆಲ್ಲ ಬಿಟ್ಟು ನಿಯಮಗಳನ್ನಷ್ಟೇ ಬರೆಸಿದೆ. ಜನಕ್ಕೆ ಕಾರಣ ಹೇಳುತ್ತಾ ಕೂತರೆ ವಾದಕ್ಕೆ ಬರುತ್ತಾರೆ ಎಂಬುದು ಗ್ರಂಥಪಾಲಕಿಯಾಗಿ ನನ್ನ ಇಪ್ಪತ್ತಾರು ವರ್ಷದ ಅನುಭವ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಊರೆಲ್ಲ ಹೇಳುತ್ತದೆ. ಸುಳ್ಳೇನಲ್ಲ.

ಆ ಕೋಣೆಯಲ್ಲಿ ಹನ್ನೆರಡು ಯಂತ್ರಗಳಿವೆ. ಫೋನಿನಲ್ಲಿ ಹಾಡು ಕೇಳಬಹುದು, ಹರಟಬಹುದು; ಆದರೆ ಆಸ್ಪತ್ರೆ, ರೇಷನ್, ಪಿಂಚಣಿ, ಇಂಥ ಯಾವ ಕೆಲಸವೂ ಈಗ ಫೋನಿನಲ್ಲಿ ಆಗುವುದಿಲ್ಲ. ಮುಖ, ದನಿ, ಬೆರಳಚ್ಚು ಇವೆಲ್ಲದರ ನಕಲನ್ನು ಯಾರು ಬೇಕಾದರೂ ಕೂತಲ್ಲೇ ಮಾಡುವಂತಾದ ಮೇಲೆ ಫೋನನ್ನು ಯಾರೂ ನಂಬುತ್ತಿಲ್ಲ. ಈಗ ಇರುವುದು ನಡೆಗುರುತು. ಒಂದಕ್ಷರದಿಂದ ಇನ್ನೊಂದಕ್ಷರಕ್ಕೆ ಬೆರಳು ಎಷ್ಟು ಹೊತ್ತಿನಲ್ಲಿ ಹೋಗುತ್ತದೆ, ತಪ್ಪಾದರೆ ನೀವು ಒಂದಕ್ಷರ ಅಳಿಸುತ್ತೀರೋ ಇಡೀ ಪದವನ್ನೇ ಅಳಿಸುತ್ತೀರೋ, ‘ಹೌದು’ ಒತ್ತುವ ಮೊದಲು ಎಷ್ಟು ತಡೆಯುತ್ತೀರಿ, ಕಣ್ಣು ಎಲ್ಲಿ ಹೋಗಿ ನಿಲ್ಲುತ್ತದೆ, ಎಲ್ಲವನ್ನೂ ಯಂತ್ರ ಗಮನಿಸುತ್ತದೆ. ವಾರಕ್ಕೊಮ್ಮೆ ಬಂದು ಕೂತರೆ ಆರು ತಿಂಗಳಲ್ಲಿ ನಿಮ್ಮನ್ನು ಹೆತ್ತ ತಾಯಿಗಿಂತ ಚೆನ್ನಾಗಿ ಗುರುತು ಹಿಡಿಯುತ್ತದೆ. ಪಾಸ್‌ವರ್ಡ್ ಬೇಕಿಲ್ಲ, ಕಾರ್ಡ್ ಬೇಕಿಲ್ಲ. ಹೆಸರು ಒತ್ತಿ ಕೆಲಸ ಶುರು ಮಾಡಿದರೆ ಸಾಕು.

ಒಂದು ಸಲ ಟೈಲರ್ ಸೌಭಾಗ್ಯ ತನ್ನ ಅತ್ತೆಯನ್ನು ಕರೆದುಕೊಂಡು ಬಂದಿದ್ದಳು. ಮುದುಕಿ ಒಂದಕ್ಷರ ಹುಡುಕಲು ಒಂದು ನಿಮಿಷ ತೆಗೆದುಕೊಳ್ಳುತ್ತಿದ್ದಳು. ಸೌಭಾಗ್ಯ ಬಗ್ಗಿ ತಾನೇ ಒತ್ತಲು ಹೋದದ್ದನ್ನು ನಾನು ನೋಡಿದೆ.

“ಏಯ್, ಕೈ ತೆಗಿಯಮ್ಮ! ಬೋರ್ಡ್ ಓದಕ್ ಬರಲ್ವಾ?”

“ಮೇಡಂ, ನಮ್ಮತ್ತೆಗೆ ಕಣ್ಣು ಮಂಜು. ಪಿಂಚಣಿದೊಂದು ಅರ್ಜಿ ಅಷ್ಟೇ. ನಾನ್ ಒತ್ತಿದ್ರೆ ಎರಡು ನಿಮಿಷದ ಕೆಲ್ಸ.”

“ಅವ್ರ ಅರ್ಜಿ ಅವ್ರೇ ಒತ್ಬೇಕು. ನೀನು ಹೊರಗಡೆ ಬೆಂಚಲ್ಲಿ ಕೂತ್ಕೊ, ಹೋಗು.”

ಮುದುಕಿ ಕಣ್ಣಲ್ಲಿ ನೀರು ಹಾಕಿಕೊಂಡು ಒಬ್ಬಳೇ ಒತ್ತಿದಳು. ಅವತ್ತಿನಿಂದ ಸೌಭಾಗ್ಯ ರಸ್ತೆಯಲ್ಲಿ ಎದುರಾದರೂ ನನ್ನ ಮುಖ ನೋಡುವುದಿಲ್ಲ. ನಾನೂ ತಲೆ ಕೆಡಿಸಿಕೊಳ್ಳಲಿಲ್ಲ.

ಹೇಳಲು ನಾಚಿಕೆಯಾಗುವ ಮಾತು ಇನ್ನು ಮುಂದಿದೆ. ಪ್ರತಿ ಶನಿವಾರ ಒಂದೂವರೆಗೆ, ಊಟದ ಹೊತ್ತಿನಲ್ಲಿ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿ, ಕೊನೆಯ ಸಾಲಿನ ಯಂತ್ರದ ಮುಂದೆ ನಾನು ನನ್ನ ಗಂಡನನ್ನು ಕೂರಿಸುತ್ತಿದ್ದೆ. ಅವರ ಹೆಸರಿನ ಅವಧಿ. ಕೀಲಿಮಣೆಯ ಮೇಲೆ ನನ್ನ ಕೈ.

ನಮ್ಮವರು ಬಸ್ ಕಂಡಕ್ಟರ್ ಆಗಿದ್ದವರು. ಇಪ್ಪತ್ತೆರಡು ವರ್ಷ ನಿಂತುಕೊಂಡೇ ಪ್ರಯಾಣ ಮಾಡಿ, ಊರೂರಿನ ಜನರನ್ನು ನಗಿಸಿ, ಕಡೆಗೆ ಎರಡೂ ಮೂತ್ರಪಿಂಡ ಕೆಟ್ಟು ಮನೆ ಹಿಡಿದರು. ಮಂಗಳವಾರ, ಶುಕ್ರವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್. ಆ ಹಾಸಿಗೆ ಬೇಕೆಂದರೆ ಪ್ರತಿ ವಾರ ಗ್ರಂಥಾಲಯದ ಯಂತ್ರದಲ್ಲಿ ನಲವತ್ತು ಪ್ರಶ್ನೆಗೆ ಉತ್ತರ ಕೊಟ್ಟು ಹಾಜರಿ ಹಾಕಬೇಕು. ಎಡಗೈಯಲ್ಲಿ ಸೂಜಿ ಚುಚ್ಚುವ ನಾಳದ ಗಂಟು, ಬಲಗೈ ನಡುಗುತ್ತದೆ. ಮೊದಲ ವಾರ ಅವರೇ ಒತ್ತಲು ಹೋದರು. ‘ನಿಂಗರಾಜು’ ಎಂದು ಬರೆಯುವಷ್ಟರಲ್ಲಿ ಹತ್ತು ಸಲ ಅಳಿಸಿ, ಹಣೆಯಲ್ಲಿ ಬೆವರು ಕಿತ್ತುಕೊಂಡಿತು.

“ನೀನೇ ಒತ್ತೇ, ಮಾರಾಯ್ತಿ,” ಎಂದು ಕೈ ಕೆಳಗಿಟ್ಟರು. “ನಾನ್ ಬರೀ ರೈಟ್ ರೈಟ್ ಅಂತೀನಿ, ಗಾಡಿ ನೀನ್ ಹೊಡಿ.”

ಯಾರಿಗೆ ಏನು ನಷ್ಟ ಎಂದುಕೊಂಡೆ. ನಿಯಮ ಇರುವುದು ಮೋಸ ಮಾಡುವವರಿಗೆ. ಹೆಂಡತಿ ಗಂಡನ ಅರ್ಜಿ ತುಂಬುವುದು ಮೋಸವೇ? ಹೀಗೆ ಎಂಟು ತಿಂಗಳು ನಡೆಯಿತು. ಮೊದಮೊದಲು ಪ್ರಶ್ನೆ ಓದಿ ಹೇಳಿ, ಅವರ ಉತ್ತರ ಕೇಳಿ ಒತ್ತುತ್ತಿದ್ದೆ. ಆಮೇಲೆ ಓದುವುದು ನಿಂತಿತು. ಕಾಲು ಊದಿದೆಯೇ, ನಿದ್ದೆ ಬಂತೇ, ಎಷ್ಟು ನೀರು ಕುಡಿದಿರಿ, ಎಲ್ಲ ನನಗೇ ಗೊತ್ತಿತ್ತು. ಅವರು ಪಕ್ಕದ ಕುರ್ಚಿಯಲ್ಲಿ ಪೇಪರ್ ಹಿಡಿದು ಶ್ರದ್ಧಾಂಜಲಿ ಫೋಟೊಗಳನ್ನು ನೋಡುತ್ತಾ, “ಲೇ ಇವ್ನು ನಮ್ ಬಸ್ಸಲ್ಲಿ ಬರ್ತಿದ್ದ ಕಣೇ,” ಎನ್ನುತ್ತಿದ್ದರು.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ನನ್ನ ಮೇಜಿನ ಪರದೆಯಲ್ಲಿ ಕೆಂಪು ಪಟ್ಟಿ ಬಂತು.

‘ನಿಂಗರಾಜು, ಹರಳುಕೋಟೆ. ಈ ಹೆಸರಿನಲ್ಲಿ ಪ್ರತ್ಯೇಕ ವ್ಯಕ್ತಿ ಕಂಡುಬಂದಿಲ್ಲ. ಪುನರಾವರ್ತಿತ ದಾಖಲೆ. ಶುಕ್ರವಾರ ಬೆಳಿಗ್ಗೆ ಆರಕ್ಕೆ ರದ್ದಾಗುತ್ತದೆ.’

ಇನ್ನೊಮ್ಮೆ ಓದಿದೆ. ಶುಕ್ರವಾರ ಎಂಟಕ್ಕೆ ಅವರ ಡಯಾಲಿಸಿಸ್. ಒಂದು ಸರದಿ ತಪ್ಪಿದರೆ ಉಸಿರಾಟಕ್ಕೆ ಕಷ್ಟ, ಎರಡು ತಪ್ಪಿದರೆ ಜೀವ ಉಳಿಯದು ಎಂದು ವೈದ್ಯರು ಮೊದಲ ದಿನವೇ ಹೇಳಿದ್ದರು. ಬೀರು ತೆಗೆದು, ಹಳೆಯ ಸುತ್ತೋಲೆ ಹುಡುಕಿ, ಏಳನೆಯ ನಿಯಮದ ಕೆಳಗಿನ ಕಾರಣವನ್ನು ಆಗ ಓದಿದೆ. ‘ಯಂತ್ರವು ಕೊಟ್ಟ ಹೆಸರನ್ನು ನಂಬುವುದಿಲ್ಲ, ಒತ್ತಿದ ಕೈಯನ್ನು ನಂಬುತ್ತದೆ. ಎರಡು ಹೆಸರಿನಲ್ಲಿ ಒಂದೇ ಕೈ ಕಂಡರೆ ವಾರ್ಷಿಕ ಜರಡಿಯಲ್ಲಿ ಒಂದು ಹೆಸರು ಉದುರುತ್ತದೆ.’ ಆ ಎರಡು ಸಾಲು ಬರೆಸಲು ಫಲಕದಲ್ಲಿ ಜಾಗವಿಲ್ಲ ಎಂದವಳು ನಾನೇ.

ಸಂಜೆ ಮನೆಯಲ್ಲಿ ಹೇಳಿದೆ. ಅವರು ನಕ್ಕರು.

“ಅಂದ್ರೆ ನಾನು ಇಲ್ವಾ ಈಗ?”

“ತಮಾಷೆ ಮಾಡ್ಬೇಡಿ ರೀ. ನಾಳೆ ಜಿಲ್ಲೆಗೆ ಹೋಗೋಣ. ನಿಮ್ಮನ್ನ ಕೂರಿಸಿ ನೋಡಿದ್ರೆ ಅವ್ರಿಗೇ ಗೊತ್ತಾಗುತ್ತೆ, ಇಬ್ರು ಬೇರೆ ಬೇರೆ ಅಂತ.”

“ಗೊತ್ತಾಗ್ದೆ ಏನು? ನಿನ್ ಕೋಪ ಒಂದು ಸಾಕಲ್ಲ, ನನಗೆ ಅದೆಲ್ಲಿಂದ ಬರ್ಬೇಕು.” ಅವರು ನಗುತ್ತಲೇ ಇದ್ದರು. ಆದರೆ ಊಟಕ್ಕೆ ಕೂತಾಗ ಅನ್ನವನ್ನು ತಟ್ಟೆಯ ಈ ಕಡೆಯಿಂದ ಆ ಕಡೆಗೆ ಸರಿಸುತ್ತಿದ್ದರೇ ಹೊರತು ಬಾಯಿಗೆ ಹಾಕಿಕೊಳ್ಳಲಿಲ್ಲ.

ಗುರುವಾರ ಮೊದಲ ಬಸ್ಸಿಗೆ ಹೋದೆವು. ಜಿಲ್ಲೆಯ ಗುರುತು ಕೇಂದ್ರ ಹೊರಗಿನಿಂದ ಗೋದಾಮಿನಂತಿದೆ, ಒಳಗೆ ಚಳಿ. ಒಂದೇ ದೊಡ್ಡ ಕೋಣೆ, ಗೋಡೆಯ ತುಂಬ ಪರದೆಗಳು, ನಡುವೆ ನಾಲ್ಕೈದು ಜನ. ಇಂತಿಯಾಜ್ ಎಂಬ ಎಂಜಿನಿಯರ್ ನಮ್ಮನ್ನು ಕೂರಿಸಿದರು. ನಲವತ್ತು ದಾಟಿದವರು, ಮೆಲುದನಿ. ಯಂತ್ರ ಕೆಟ್ಟಾಗಲೆಲ್ಲ ಫೋನಿನಲ್ಲಿ ನನ್ನಿಂದ ಬೈಸಿಕೊಂಡವರು ಇವರೇ.

“ಇಲ್ಲಿ ನೋಡಿ ಮೇಡಂ. ನೀಲಿ ಗೆರೆ ನಿಮ್ದು, ಹೇಮಲತಾ. ಹಳದಿ ಗೆರೆ ನಿಂಗರಾಜು ಅವ್ರದ್ದು.”

ಪರದೆಯ ಮೇಲೆ ಒಂದೇ ಗೆರೆ ಕಾಣುತ್ತಿತ್ತು. ಒಂದರ ಮೇಲೊಂದು ಕೂತುಬಿಟ್ಟಿದ್ದವು. ಪಕ್ಕದ ಪರದೆಯಲ್ಲಿದ್ದ ಹರಳುಕೋಟೆಯ ರದ್ದತಿ ಪಟ್ಟಿಯಲ್ಲಿ ಇಂಥ ಜೋಡಿಗಳು ಇನ್ನೂ ಬಹಳ ಇದ್ದವು. ಅಪ್ಪ ಮಗಳು, ಅಕ್ಕ ತಮ್ಮ, ನೆರೆಹೊರೆಯವರು. ನಾನು ಕಾಫಿಗೆ ಎದ್ದುಹೋದಾಗಲೆಲ್ಲ ಒಬ್ಬರಿಗೊಬ್ಬರು ಸಹಾಯ ಮಾಡಿಕೊಂಡವರು. ಸೌಭಾಗ್ಯಳ ಅತ್ತೆಯ ಹೆಸರನ್ನು ಹುಡುಕಿದೆ. ಪಟ್ಟಿಯಲ್ಲಿರಲಿಲ್ಲ. ನಾನು ಗದರಿ ಕಣ್ಣೀರು ಹಾಕಿಸಿದ್ದ ಮುದುಕಿ ಜರಡಿಯಲ್ಲಿ ಭದ್ರವಾಗಿ ನಿಂತಿದ್ದಳು.

“ಇವ್ರನ್ನ ಈಗ ಕೂರಿಸಿ ನೋಡಿ,” ಎಂದೆ. “ಎದುರಿಗೇ ಇದ್ದಾರಲ್ಲ ಮನುಷ್ಯ!”

ಗಾಜಿನ ಕೋಣೆಯಲ್ಲಿ ನಮ್ಮವರನ್ನು ಒಬ್ಬರನ್ನೇ ಕೂರಿಸಿದರು. ನಾನು ಈಚೆಗೆ ನಿಂತು ನೋಡಿದೆ. ನಡುಗುವ ಬೆರಳಿನಿಂದ ಒಂದೊಂದೇ ಕೀಲಿ ಒತ್ತುತ್ತಿದ್ದರು. ಪ್ರಶ್ನೆ ಬಂದಾಗ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿ ನೋಡುತ್ತಿದ್ದರು. ಪಕ್ಕದಲ್ಲಿ ನಾನಿರಲಿಲ್ಲ. ಅರ್ಧ ಗಂಟೆಯ ನಂತರ ಪರದೆಯ ಮೇಲೆ ಬಂದ ಸಾಲನ್ನು ಇಂತಿಯಾಜ್ ನನಗೆ ಕಾಣದ ಹಾಗೆ ಮರೆ ಮಾಡಲು ನೋಡಿದರು. ನಾನು ಓದಿಬಿಟ್ಟೆ.

‘ಈ ವ್ಯಕ್ತಿ ದಾಖಲೆಯಲ್ಲಿ ಇಲ್ಲ.’

“ಹೊಸಬರು ಅಂತ ಸೇರಿಸ್ಬಹುದು ಮೇಡಂ. ಮೊದ್ಲಿನ ಹಾಗಲ್ಲ, ಈಗ ಆರು ತಿಂಗ್ಳು ಹಾಜರಿ ಆದ್ಮೇಲೇ ಹಾಸಿಗೆ.”

“ಆರು ತಿಂಗ್ಳು? ನಾಳೆ ಬೆಳಿಗ್ಗೆ ಡಯಾಲಿಸಿಸ್ ಇದೆ ಕಣ್ರೀ ಅವ್ರಿಗೆ! ನೀವೇ ಕಣ್ಣಾರೆ ನೋಡ್ತಿದೀರಲ್ಲ, ಬರ್ದುಕೊಡಿ!”

“ನಾನ್ ಬರೆದ್ರೆ ಆಸ್ಪತ್ರೆ ಯಂತ್ರ ತಗೊಳ್ಳಲ್ಲ. ನನ್ ಮಾತಿಗೆ ಅಲ್ಲಿ ಜಾಗವೇ ಇಲ್ಲ.” ಅವರ ಮುಖ ಸಪ್ಪಗಾಯಿತು. “ಒಂದು ದಾರಿ ಇದೆ. ಎರಡ್ರಲ್ಲಿ ಯಾವ ಹೆಸ್ರು ಉಳೀಬೇಕು ಅಂತ ನೀವೇ ಘೋಷಣೆ ಕೊಡ್ಬಹುದು. ಅವ್ರ ಹೆಸ್ರು ಉಳಿಸಿದ್ರೆ ಹಾಸಿಗೆ ಉಳಿಯುತ್ತೆ. ನಿಮ್ಮದು ಹೋಗುತ್ತೆ. ಕೆಲ್ಸ, ಪಿಂಚಣಿ, ವೋಟು, ಎಲ್ಲಾನೂ. ಆಮೇಲೆ ವಾಪಸ್ ತರೋಕಾಗಲ್ಲ. ಹೊಸಬ್ರು ಅಂತ ನೀವು ಸೇರೋಕೂ ಆಗಲ್ಲ, ಯಾಕಂದ್ರೆ ನೀವು ಎಲ್ಲಿ ಕೂತ್ರೂ ಯಂತ್ರ ನಿಮ್ಮನ್ನ ನಿಂಗರಾಜು ಅಂತಾನೇ ಹಿಡಿಯುತ್ತೆ. ಇನ್ನೊಂದು ವಿಷ್ಯ ಮೇಡಂ, ಹೆಸ್ರು ಅವ್ರದ್ದೇ ಆದ್ರೂ ಅದ್ರೊಳಗೆ ಇರೋದು...”

“ಸಾಕು, ಎಲ್ಲಿ ಒತ್ಬೇಕು ತೋರ್ಸಿ.”

ನಮ್ಮವರು ಗಾಜಿನ ಕೋಣೆಯಿಂದ ಹೊರಗೆ ಬಂದಿದ್ದರು. ಅರ್ಧ ಕೇಳಿಸಿಕೊಂಡು, ಉಳಿದದ್ದನ್ನು ನನ್ನ ಮುಖದಲ್ಲಿ ಓದಿಕೊಂಡರು.

“ಬೇಡ ಕಣೇ. ಎಷ್ಟು ದಿನಾಂತ ಎಳೀತೀಯ ನನ್ನ? ನಿಂದು ಉಳಿಸ್ಕೊ.”

“ಸುಮ್ನಿರ್ತೀರಾ ಸ್ವಲ್ಪ?”

“ಹೇಮಾ...”

“ಸುಮ್ನಿರಿ ಅಂದೆ!”

ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನಗೆ ಬಂದದ್ದು ಕೋಪವಲ್ಲ, ಭಯ. ಆದರೆ ನನ್ನ ಬಾಯಲ್ಲಿ ಅದು ಕೋಪವಾಗಿಯೇ ಬರುತ್ತದೆ. ಕೂತು, ಘೋಷಣೆಯ ಪುಟದಲ್ಲಿ ‘ಹೇಮಲತಾ ಎಂಬುದು ಪುನರಾವರ್ತಿತ ಹೆಸರು’ ಎಂದು ನನ್ನ ಕೈಯಿಂದಲೇ ಬರೆದು ‘ಹೌದು’ ಒತ್ತಿದೆ. ಒತ್ತುವ ಮೊದಲು ತಡೆಯಲಿಲ್ಲ. ನೀಲಿ ಗೆರೆ ಅಳಿಸಿಹೋಯಿತು. ಹಳದಿ ಉಳಿಯಿತು. ಪರದೆಯ ಕ್ಯಾಮೆರಾ ನನ್ನ ಕಡೆ ನೋಡುತ್ತಿತ್ತು. ಕೆಳಗೆ ಅಕ್ಷರಗಳು ಮೂಡಿದವು: ‘ನಮಸ್ಕಾರ, ನಿಂಗರಾಜು.’

ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೊರಟೆವು. ಇಂತಿಯಾಜ್ ಹೇಳಬಂದದ್ದನ್ನು ಪೂರ್ತಿ ಕೇಳಬೇಕಿತ್ತು ಎಂದು ಅರ್ಧ ದಾರಿಯಲ್ಲಿ ಅನಿಸಿತು. ಫೋನ್ ಮಾಡಿದೆ. ಹೆಸರು ರದ್ದಾದವರ ಕರೆ ಆ ಕಚೇರಿಗೆ ಹೋಗುವುದಿಲ್ಲ ಎಂಬ ಧ್ವನಿಮುದ್ರಿತ ಸಂದೇಶ ಬಂತು.

ಶುಕ್ರವಾರ ಎಂಟಕ್ಕೆ ಆಸ್ಪತ್ರೆಯ ಡಯಾಲಿಸಿಸ್ ವಾರ್ಡ್ ಎಂದಿನಂತೆಯೇ ಇತ್ತು. ಫಿನಾಯಿಲ್ ವಾಸನೆ, ಆರು ಹಾಸಿಗೆ, ಆರು ಯಂತ್ರ. ಒಂದೇ ಒಂದು ಹೊಸದು: ಪ್ರತಿ ಹಾಸಿಗೆಯ ಪಕ್ಕದಲ್ಲಿ ಒಂದು ಸಣ್ಣ ಪರದೆ, ಅದರ ಕೆಳಗೆ ಕೀಲಿಗಳು. ಸಿಸಿಲಿಯಾ ಸಿಸ್ಟರ್ ನಮ್ಮನ್ನು ಎಂಟು ತಿಂಗಳಿಂದ ಬಲ್ಲವರು. ನಮ್ಮವರನ್ನು ಮಲಗಿಸಿ ಸೂಜಿ ಚುಚ್ಚಿದರು.

“ನಿನ್ನೆಯಿಂದ ಇದನ್ನ ಹಾಕಿದಾರೆ ಅಕ್ಕಾ. ಜರಡಿ ಆದ್ಮೇಲೆ ಬಹಳ ಬಿಗಿ. ಬೇರೆಯವ್ರ ಹಾಸಿಗೇಲಿ ಬೇರೆಯವ್ರು ಮಲಗ್ತಾರೆ ಅಂತ. ಶುರು ಮಾಡೋಕ್ ಮುಂಚೆ ಒಂದ್ಸಲ, ಆಮೇಲೆ ಕಾಲು ಗಂಟೆಗೊಂದ್ಸಲ ಪೇಷಂಟ್ ಉತ್ತರ ಕೊಡ್ಬೇಕು. ಅಣ್ಣಾ, ಬಲಗೈಲಿ ಒತ್ತಿ.”

ನಮ್ಮವರು ನನ್ನನ್ನು ನೋಡಿ, ಕೈ ಚಾಚಿ ಒತ್ತಿದರು. ಕೆಂಪು ದೀಪ. ‘ಹಾಸಿಗೆಯಲ್ಲಿ ಅಪರಿಚಿತ ವ್ಯಕ್ತಿ. ದಯವಿಟ್ಟು ನಿಂಗರಾಜು ಅವರನ್ನು ಕರೆಯಿರಿ.’

ಸಿಸ್ಟರ್ ಬೆಚ್ಚಿ ನನ್ನ ಕಡೆ ತಿರುಗಿದರು. ರಕ್ತ ಹೊರಗಿನ ಕೊಳವೆಗೆ ಬಂದು ನಿಂತಿತ್ತು. ಯಂತ್ರ ತಿರುಗುತ್ತಿರಲಿಲ್ಲ. ಹಾಗೇ ನಿಂತರೆ ಹೆಪ್ಪುಗಟ್ಟುತ್ತದೆ ಎಂದು ನನಗೂ ಗೊತ್ತಿತ್ತು.

“ಸಿಸ್ಟರ್, ನಾನು ಒತ್ತೀನಿ.”

“ಅಕ್ಕಾ, ಹೆಸ್ರೂ ಬಾಯಲ್ಲಿ ಹೇಳ್ಬೇಕು. ನಾನು ಇಂಥವ್ರು ಅಂತ. ದನಿ ಯಾರ್ದು ಅಂತ ಅದು ನೋಡಲ್ಲ.”

ಮದುವೆಯಾಗಿ ಮೂವತ್ತು ವರ್ಷವಾದರೂ ಅವರ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ನಮ್ಮ ಕಡೆ ಹೇಳುವುದಿಲ್ಲ. ನೂರಾರು ಸಲ ಬರೆದಿದ್ದೇನೆ, ಒತ್ತಿದ್ದೇನೆ, ಅಷ್ಟೇ. ಹಾಸಿಗೆಯ ಪಕ್ಕದಲ್ಲಿ ನೆಲಕ್ಕೆ ಮಂಡಿಯೂರಿ, ಪರದೆಗೆ ಮುಖ ಕೊಟ್ಟು ಹೇಳಿದೆ. “ನಾನು ನಿಂಗರಾಜು.” ಕೀಲಿ ಒತ್ತಿದೆ. ಹಸಿರು ದೀಪ ಬಂತು. ಯಂತ್ರ ತಿರುಗಿತು. ಸಿಸಿಲಿಯಾ ಸಿಸ್ಟರ್ ಸೆರಗಿಲ್ಲದ ಸಮವಸ್ತ್ರದ ತೋಳಿನಲ್ಲೇ ಕಣ್ಣೊರೆಸಿಕೊಂಡು ಬೇರೆ ಹಾಸಿಗೆಯ ಕಡೆ ಹೋದರು. ಅವರು ನೋಡಿಯೂ ನೋಡದ ಹಾಗೆ ಹೋದದ್ದೇ ನಮಗೆ ಮಾಡಿದ ದೊಡ್ಡ ಉಪಕಾರ.

ನಾಲ್ಕು ಗಂಟೆಯ ಚಿಕಿತ್ಸೆ. ಹದಿನಾರು ಸಲ ಉತ್ತರ. ‘ತಲೆ ಸುತ್ತುತ್ತಿದೆಯೇ?’ ಅವರ ಮುಖ ನೋಡಿ ‘ಇಲ್ಲ’ ಒತ್ತಿದೆ. ‘ಕಾಲಿನಲ್ಲಿ ಸೆಳೆತವಿದೆಯೇ?’ ಅವರ ಮೀನಖಂಡವನ್ನು ಮುಟ್ಟಿ ನೋಡಿ ‘ಇಲ್ಲ’ ಒತ್ತಿದೆ. ಐದನೆಯ ಸಲಕ್ಕೆ ಪ್ರಶ್ನೆಯ ಕೆಳಗೆ ಇನ್ನೊಂದು ಸಾಲು ಬಂತು.

‘ನಿಂಗರಾಜು, ನಿಮ್ಮ ಒತ್ತುವಿಕೆಯಲ್ಲಿ ತೀವ್ರ ಭಯ ಕಾಣುತ್ತಿದೆ. ಇದು ರಕ್ತದೊತ್ತಡ ಕುಸಿತದ ಮುನ್ಸೂಚನೆ ಇರಬಹುದು. ಮುಂದಿನ ಉತ್ತರದಲ್ಲೂ ಕಂಡರೆ ಚಿಕಿತ್ಸೆ ನಿಲ್ಲಿಸಲಾಗುವುದು.’

ಹೆದರಿದ್ದು ನಾನು. ನಿಲ್ಲುವುದು ಅವರ ಚಿಕಿತ್ಸೆ. ಇನ್ನು ಹದಿನೈದು ನಿಮಿಷದೊಳಗೆ ನಾನು ಧೈರ್ಯವಂತಳಾಗಬೇಕಿತ್ತು. ಬೆರಳ ತುದಿಯವರೆಗೂ ಆಗಬೇಕಿತ್ತು, ಏಕೆಂದರೆ ನಟನೆಯನ್ನು ಅದು ಹಿಡಿಯುತ್ತದೆ. ಇದು ಇವತ್ತಿಗೆ ಮುಗಿಯುವುದೂ ಅಲ್ಲ. ಮಂಗಳವಾರ ಮತ್ತೆ. ಶುಕ್ರವಾರ ಮತ್ತೆ. ಅವರು ಇರುವಷ್ಟು ದಿನ ನಾನು ಹೆದರುವಂತಿಲ್ಲ, ಜ್ವರ ಬರುವಂತಿಲ್ಲ, ಸಾಯುವಂತಂತೂ ಇಲ್ಲವೇ ಇಲ್ಲ.

ಅವರು ಕಣ್ಣು ಬಿಟ್ಟು ಪರದೆಯನ್ನು ಓದಿದರು. ಬಲಗೈಯನ್ನು ತಂದು ನನ್ನ ಎಡಗೈ ಮೇಲಿಟ್ಟರು.

“ನಮ್ ಹಳೇ ಗಾಡಿ ನೆನಪಿದ್ಯಾ ನಿಂಗೆ? ಘಾಟಿಯಲ್ಲಿ ಬ್ರೇಕ್ ಹೋದದ್ದು?”

“ಈಗ ಯಾಕ್ರೀ ಅದು?”

“ಡ್ರೈವರ್ ಬೆವತುಬಿಟ್ಟಿದ್ದ. ನಾನ್ ಹಿಂದಿನಿಂದ ಟಿಕೆಟ್ ಟಿಕೆಟ್ ಅಂತ ಕೂಗ್ಕೊಂಡೇ ಬಂದೆ. ಎಲ್ರೂ ಚಿಲ್ರೆ ಹುಡುಕ್ತಾ ಕೂತ್ರು. ಗಾಡಿ ಇಳಿದು ಬಯಲಿಗೆ ಬಂದು ನಿಂತ್ಮೇಲೇ ಗೊತ್ತಾದದ್ದು ಅವ್ರಿಗೆ.” ಉಸಿರು ತೆಗೆದುಕೊಂಡರು. “ಆಗ ನನ್ ಕಾಲೂ ನಡುಗ್ತಿತ್ತು ಕಣೇ. ಯಾರಿಗೂ ಹೇಳಿಲ್ಲ, ನಿಂಗೂ ಹೇಳಿರ್ಲಿಲ್ಲ. ಈಗ ಹೇಳ್ದೆ.”

ನನಗೆ ಅಳು ಬಂತು, ಆಮೇಲೆ ನಗು ಬಂತು. ಪ್ರಶ್ನೆ ಬಂದಾಗ ನನ್ನ ಮನಸ್ಸು ಆ ಘಾಟಿಯಲ್ಲಿತ್ತು. ಒತ್ತಿದೆ. ಹಸಿರು. ಹೀಗೇ ಒಂದೊಂದು ಕಾಲು ಗಂಟೆಗೂ ಒಂದೊಂದು ಊರಿನ, ಒಂದೊಂದು ಪ್ರಯಾಣಿಕರ ಕಥೆ ಹೇಳಿದರು. ದನಿ ಬರಬರುತ್ತಾ ಸಣ್ಣದಾಯಿತು. ಬೇಡ, ಸುಮ್ಮನೆ ಮಲಗಿ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಅವರ ಮಾತು ನಿಂತರೆ ನನ್ನ ಕೈ ನಡುಗುತ್ತಿತ್ತು.

ಕೊನೆಯ ಸಲ ಯಂತ್ರ ಬೇರೆ ಪ್ರಶ್ನೆ ಕೇಳಿತು.

‘ನಿಮ್ಮನ್ನು ಮನೆಗೆ ಕರೆದೊಯ್ಯಲು ಯಾರು ಬಂದಿದ್ದಾರೆ? ಹೆಸರು ಒತ್ತಿ.’

ಅವರೂ ಓದಿದರು.

“ನಿನ್ ಹೆಸ್ರು ಹಾಕೇ,” ಎಂದರು. “ನೀನೇ ತಾನೇ ಬಂದಿರೋದು.”

ಒಂದು ಕ್ಷಣ ನನ್ನ ಬೆರಳು ‘ಹ’ ಎಂಬ ಕೀಲಿಯ ಮೇಲೆ ನಿಂತಿತು. ಆ ಹೆಸರನ್ನು ಮತ್ತೆ ಬರೆದರೆ ಎರಡು ಹೆಸರು, ಒಂದೇ ಕೈ. ಇನ್ನೊಮ್ಮೆ ಜರಡಿ. ಆ ಸಲ ಯಾವುದು ಉದುರುತ್ತದೋ ಯಾರು ಬಲ್ಲರು? ಅವರು ನನ್ನ ಬೆರಳನ್ನೇ ನೋಡುತ್ತಿದ್ದರು.

ನಾನು ‘ಯಾರೂ ಬಂದಿಲ್ಲ’ ಎಂದು ಒತ್ತಿದೆ.

ಅವರು ಅದನ್ನು ಓದಿದರು. ನನ್ನ ಕೈ ಹಿಡಿದಿದ್ದವರು ಹಾಗೇ ಹಿಡಿದುಕೊಂಡಿದ್ದರು, ಸಿಸ್ಟರ್ ಬಂದು ಸೂಜಿ ತೆಗೆಯುವವರೆಗೂ.